ಬಾಹ್ಯಾಕಾಶ ಸ್ಟಾರ್ಟಪ್‌ಗಳಿಗೆ ಸರ್ಕಾರ ಕೊಡಬೇಕಾದದ್ದು ಅನುದಾನವೋ, ಆರ್ಡರೋ?

ಹೆಸರಘಟ್ಟ ರಸ್ತೆ:

ಎಲ್ಲರಿಗೂ ನಮಸ್ಕಾರ. ಉಪಗ್ರಹದ ಭಾಗಗಳ ಜೋಡಣೆ ಮತ್ತು ಪರೀಕ್ಷೆಯ ಕೆಲಸದಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಈ ವಿಷಯ ಇಲ್ಲಿ ಚೆನ್ನಾಗಿ ಚರ್ಚೆಯಾಗಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

2020ರಲ್ಲಿ ಕೇಂದ್ರ ಸರ್ಕಾರ ಬಾಹ್ಯಾಕಾಶ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆಯಿತು. ಅಲ್ಲಿಂದ ಒಂದರ ಹಿಂದೆ ಒಂದು ನೆರವು ಬಂದಿದೆ. 2023ರಲ್ಲಿ ಬಾಹ್ಯಾಕಾಶ ನೀತಿ ಬಂತು. ಅದೇ ವರ್ಷ ಖಾಸಗಿ ಉಡಾವಣಾ ಸೇವೆಗೆ ಜಿಎಸ್‌ಟಿ ವಿನಾಯಿತಿ ಸಿಕ್ಕಿತು. 2024ರ ಫೆಬ್ರವರಿಯಲ್ಲಿ ವಿದೇಶಿ ಹೂಡಿಕೆಯ ನಿಯಮ ಸಡಿಲವಾಯಿತು. ಅಕ್ಟೋಬರ್‌ನಲ್ಲಿ 1,000 ಕೋಟಿ ರೂಪಾಯಿಯ ವೆಂಚರ್ ಫಂಡ್‌ಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. 2025ರ ಶುರುವಿನಲ್ಲಿ, ಖಾಸಗಿಯವರಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಇನ್‌ಸ್ಪೇಸ್ 500 ಕೋಟಿಯ ತಂತ್ರಜ್ಞಾನ ಅಳವಡಿಕೆ ನಿಧಿ ಘೋಷಿಸಿತು. ಇದೆಲ್ಲ ಒಳ್ಳೆಯದೇ. ಒಂದೊಂದಕ್ಕೂ ತುಂಬ ಜನ ವರ್ಷಗಟ್ಟಲೆ ಓಡಾಡಿದ್ದಾರೆ.

ಆದರೆ ಇದರಲ್ಲಿ ಹೆಚ್ಚಿನವು ಒಂದು ವಸ್ತುವನ್ನು *ಮಾಡುವುದಕ್ಕೆ* ಸಿಗುವ ನೆರವು. ಮಾಡಿದ ಮೇಲೆ ಯಾರು ಕೊಳ್ಳುತ್ತಾರೆ? ಉಪಗ್ರಹದ ಚಿತ್ರ, ಉಡಾವಣೆ, ಕಕ್ಷೆಯಲ್ಲಿರುವ ಕಸದ ಮೇಲಿನ ನಿಗಾ, ಇವಕ್ಕೆಲ್ಲ ನಮ್ಮ ದೇಶದಲ್ಲಿ ದೊಡ್ಡ ಗಿರಾಕಿ ಸರ್ಕಾರವೇ. ಆ ಗಿರಾಕಿ ಮೊದಲು ಆರ್ಡರ್ ಕೊಟ್ಟರೆ ಬೇರೆ ಗಿರಾಕಿಗಳು ಬರುತ್ತಾರೆ, ಹೂಡಿಕೆದಾರರೂ ಬರುತ್ತಾರೆ. ಅವರು ಕೇಳುವ ಮೊದಲ ಪ್ರಶ್ನೆಯೇ ಅದು: "ನಿಮ್ಮ ದೇಶದ ಸರ್ಕಾರವೇ ನಿಮ್ಮಿಂದ ಕೊಂಡಿಲ್ಲ, ನಾವು ಯಾಕೆ ಕೊಳ್ಳಬೇಕು?" ಇದಕ್ಕೆ ಯಾವ ಅನುದಾನ ಪತ್ರದಲ್ಲೂ ಉತ್ತರ ಇಲ್ಲ.

ನಿಮ್ಮ ಅನುಭವ ಹೇಳಿ.

ಮಲೆನಾಡ ಹುಡುಗಿ:

ಸರ್, ನಾನು ಏರೋಸ್ಪೇಸ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಇಸ್ರೋ, ಎನ್‌ಸಿಲ್, ಇನ್‌ಸ್ಪೇಸ್ ಅಂತ ಮೂರು ಹೆಸರು ಕೇಳಿ ತಲೆ ಗೊಂದಲವಾಗುತ್ತದೆ. ಒಂದು ಸಣ್ಣ ಕಂಪನಿ ಸಹಾಯ ಬೇಕು ಅಂದರೆ ಯಾರ ಬಾಗಿಲಿಗೆ ಹೋಗಬೇಕು?

ಹೆಸರಘಟ್ಟ ರಸ್ತೆ:

ಒಳ್ಳೆಯ ಪ್ರಶ್ನೆ ಕೇಳಿದಿರಿ. ಇಸ್ರೋ ಸಂಶೋಧನೆ ಮಾಡುತ್ತದೆ, ದೊಡ್ಡ ಯೋಜನೆಗಳನ್ನು ನಡೆಸುತ್ತದೆ. ಎನ್‌ಸಿಲ್ ಅಂದರೆ ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್. 2019ರಲ್ಲಿ ಶುರುವಾದ ಸರ್ಕಾರಿ ಕಂಪನಿ, ಕಚೇರಿ ನಮ್ಮ ಬೆಂಗಳೂರಲ್ಲೇ. ವ್ಯಾಪಾರದ ಕೆಲಸ ಅದರದು. ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್‌ನ ತಯಾರಿಕೆಯನ್ನು ಉದ್ಯಮಕ್ಕೆ ವಹಿಸಿದ್ದೂ ಅದೇ. 2022ರಲ್ಲಿ ಎಚ್‌ಎಎಲ್ ಮತ್ತು ಎಲ್ ಅಂಡ್ ಟಿ ಜೋಡಿಗೆ ಐದು ರಾಕೆಟ್‌ಗಳ ಗುತ್ತಿಗೆ ಸಿಕ್ಕಿತು, ಸುಮಾರು 860 ಕೋಟಿಯದು.

ಇನ್‌ಸ್ಪೇಸ್ ಅನುಮತಿ ಕೊಡುವ, ಕೈಹಿಡಿದು ನಡೆಸುವ ಸಂಸ್ಥೆ. ಅಹಮದಾಬಾದ್‌ನ ಬೋಪಲ್‌ನಲ್ಲಿದೆ. ಖಾಸಗಿಯವರು ಉಪಗ್ರಹ ಹಾರಿಸಬೇಕಾದರೂ, ಇಸ್ರೋದ ಪರೀಕ್ಷಾ ಕೇಂದ್ರ ಬಳಸಬೇಕಾದರೂ ಅಲ್ಲಿಗೇ ಅರ್ಜಿ ಹಾಕಬೇಕು. ನಿಮ್ಮಂಥವರು ಮೊದಲು ತಟ್ಟಬೇಕಾದ ಬಾಗಿಲು ಅದು.

ಲೇತ್ ಮಾಸ್ಟರ್:

ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಮಷಿನ್ ಶಾಪ್ ಇದೆ. ತಂದೆಯವರ ಕಾಲದಿಂದ ನಡೆಯುತ್ತಿದೆ. ಆರ್ಯಭಟ ಉಪಗ್ರಹ ತಯಾರಾಗಿದ್ದೂ ಇದೇ ಪೀಣ್ಯದ ಶೆಡ್‌ಗಳಲ್ಲಿ, 1975ರಲ್ಲಿ ಹಾರಿತು. ಹಾಗಾಗಿ ಈ ಮಾತು ನಮಗೆ ಹೊಸದಲ್ಲ.

ಆರ್ಡರ್ ಬೇಕು ಅಂದದ್ದು ಸರಿ. ಆದರೆ ಎಂಥ ಆರ್ಡರ್ ಅನ್ನುವುದನ್ನೂ ಹೇಳಿ ಸ್ವಾಮಿ. ನಮ್ಮ ತಲೆಮಾರು ಪೂರ್ತಿ ಬದುಕಿದ್ದೇ ಆರ್ಡರ್ ಮೇಲೆ. ಡ್ರಾಯಿಂಗ್ ಆರ್ಡರ್ ಕೊಟ್ಟವರೇ ಕೊಡುತ್ತಿದ್ದರು. ಕಚ್ಚಾ ಲೋಹವನ್ನೂ ಅವರೇ ಫ್ರೀ ಇಶ್ಯೂ ಅಂತ, ಅಂದರೆ ದುಡ್ಡು ತೆಗೆದುಕೊಳ್ಳದೆ, ಕೊಡುತ್ತಿದ್ದರು. ನಾವು ಮೈಕ್ರಾನ್ ಲೆಕ್ಕದಲ್ಲಿ ಕತ್ತರಿಸಿ, ಇನ್‌ಸ್ಪೆಕ್ಷನ್ ಮುಗಿಸಿ ವಾಪಸ್ ಕೊಡುತ್ತಿದ್ದೆವು. ಕೆಲಸ ಅಚ್ಚುಕಟ್ಟು, ಕೂಲಿ ಖಾತ್ರಿ, ಹೆಸರೂ ಬಂತು. ಆದರೆ ನಮ್ಮದೇ ಅಂತ ಒಂದು ವಸ್ತು ಡಿಸೈನ್ ಮಾಡಿದ್ದೇವಾ ಅಂದರೆ ಇಲ್ಲ. ಒಬ್ಬನೇ ಗಿರಾಕಿ, ಅವರು ಹೇಳಿದ ಹಾಗೆ ಕೆಲಸ. ಆ ಗಿರಾಕಿ ಒಂದು ವರ್ಷ ಸುಮ್ಮನಾದರೆ ಶಾಪ್‌ನಲ್ಲಿ ಮಷಿನ್ ನಿಂತೇ ಇರುತ್ತಿತ್ತು.

ಆಟೋಮೊಬೈಲ್ ಕೆಲಸದಲ್ಲಿ ಒಂದೇ ಭಾಗ ಸಾವಿರಗಟ್ಟಲೆ ಮಾಡುತ್ತೀವಿ. ಇಲ್ಲಿ ನಾಲ್ಕು ಪೀಸ್, ಆರು ಪೀಸ್. ಅದಕ್ಕಾಗಿ ಪೀಸ್ ಹಿಡಿದಿಡುವ ಫಿಕ್ಸ್ಚರ್ ಬೇರೆ ಮಾಡಬೇಕು, ಪ್ರತಿ ಪೀಸ್‌ಗೂ ಕಾಗದಪತ್ರ ಬೇರೆ. ಆ ಖರ್ಚು ಯಾರ ಲೆಕ್ಕಕ್ಕೆ? ಈಗ ಸ್ಟಾರ್ಟಪ್ ಹುಡುಗರು ಬರುತ್ತಾರೆ. ಅವರಿಗೆ ಎರಡೇ ಪೀಸ್ ಸಾಕು, ಅದೂ ಮುಂದಿನ ವಾರಕ್ಕೇ ಬೇಕು. ಪ್ರೀತಿಯಿಂದ ಮಾಡಿಕೊಡುತ್ತೀವಿ, ಅವರ ಉತ್ಸಾಹ ನೋಡಿದರೆ ಇಲ್ಲ ಅನ್ನಲು ಮನಸ್ಸು ಬರಲ್ಲ. ಆದರೆ ಅವರ ಫಂಡಿಂಗ್ ಬರುವವರೆಗೆ ನಮ್ಮ ಬಿಲ್ ಬಾಕಿ. ನೀತಿ ಬರೆಯುವವರು ಸ್ಟಾರ್ಟಪ್ ತನಕ ಬಂದು ನಿಲ್ಲುತ್ತಾರೆ. ಅವರ ಹಿಂದೆ ನಿಂತ ನಮ್ಮ ತನಕ ಬರುವುದು ಕಡಿಮೆ.

ಹೆಸರಘಟ್ಟ ರಸ್ತೆ:

ಮಾಸ್ಟರ್ ಅವರೇ, ಈ ಚರ್ಚೆಯ ತಿರುಳೇ ನಿಮ್ಮ ಮಾತಿನಲ್ಲಿದೆ. "ನನ್ನ ಡ್ರಾಯಿಂಗ್ ಪ್ರಕಾರ ಈ ಭಾಗ ಮಾಡಿಕೊಡು" ಅನ್ನುವುದು ಒಂದು ಬಗೆಯ ಆರ್ಡರ್. "ತಿಂಗಳಿಗೆ ಇಷ್ಟು ಚದರ ಕಿಲೋಮೀಟರ್ ಜಮೀನಿನ ಚಿತ್ರ ಕೊಡು, ಉಪಗ್ರಹ ಹೇಗೆ ಮಾಡುತ್ತೀಯೋ ನಿನಗೆ ಬಿಟ್ಟದ್ದು" ಅನ್ನುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಕೆಲಸಗಾರಿಕೆ ಬೆಳೆಯುತ್ತದೆ. ಎರಡನೆಯದರಲ್ಲಿ ಕಂಪನಿ ಬೆಳೆಯುತ್ತದೆ. ನಾನು ಕೇಳುತ್ತಿರುವುದು ಎರಡನೆಯದನ್ನು.

ಪೈಸಾ ಲೆಕ್ಕ:

ಹಣಕಾಸಿನ ಕಡೆಯಿಂದ ಒಂದಿಷ್ಟು ವಿವರ. ಅನುದಾನ, ಬಂಡವಾಳ ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

1,000 ಕೋಟಿಯ ಫಂಡ್ ಅನುದಾನ ಅಲ್ಲ, ಅದು ಹೂಡಿಕೆ. ಐದು ವರ್ಷದಲ್ಲಿ ಹಂತಹಂತವಾಗಿ, ಸುಮಾರು 40 ಕಂಪನಿಗಳಲ್ಲಿ ಹಾಕುವ ಯೋಜನೆ. ಒಂದು ಕಂಪನಿಗೆ ಅಂದಾಜು 10ರಿಂದ 60 ಕೋಟಿವರೆಗೆ. ಅಂದರೆ ಸ್ವಲ್ಪ ಬೆಳೆದವರಿಗೆ ಮಾತ್ರ. ಫಂಡ್‌ಗೆ ಒಪ್ಪಿಗೆ ಸಿಕ್ಕಾಗಲೇ ದೇಶದಲ್ಲಿ 250ರ ಹತ್ತಿರ ಸ್ಪೇಸ್ ಸ್ಟಾರ್ಟಪ್‌ಗಳಿದ್ದವು. ತೀರಾ ಹೊಸಬರಿಗೆ ಇನ್‌ಸ್ಪೇಸ್‌ನ ಸೀಡ್ ಫಂಡ್ ಇದೆ, ಅದು 1 ಕೋಟಿವರೆಗೆ. ಅಳವಡಿಕೆ ನಿಧಿಯಲ್ಲಿ ಸ್ಟಾರ್ಟಪ್ ಮತ್ತು ಸಣ್ಣ ಉದ್ದಿಮೆಗಳಿಗೆ ಯೋಜನೆಯ ವೆಚ್ಚದ ಶೇ 60ರವರೆಗೆ, ದೊಡ್ಡವರಿಗೆ ಶೇ 40ರವರೆಗೆ ಸಿಗುತ್ತದೆ. ಗರಿಷ್ಠ 25 ಕೋಟಿ.

ಈಗ ಹೆಸರಘಟ್ಟದವರಿಗೆ ನನ್ನ ತಕರಾರು. ಆರ್ಡರ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅದನ್ನು ಮುಗಿಸಿ ಕೊಡಲು ಎರಡು ಮೂರು ವರ್ಷ ಸಂಬಳ ಕೊಡಬೇಕು, ಉಡಾವಣೆಗೆ ಮುಂಗಡ ಕಟ್ಟಬೇಕು, ವಿಮೆ ಮಾಡಿಸಬೇಕು. ಬ್ಯಾಂಕಿನವರು ಜಾಗ, ಕಟ್ಟಡ ಅಡವಿಡಿ ಅನ್ನುತ್ತಾರೆ. ಕಕ್ಷೆಯಲ್ಲಿರುವ ಉಪಗ್ರಹವನ್ನು ಯಾವ ಮ್ಯಾನೇಜರ್ ಅಡವಿಗೆ ತೆಗೆದುಕೊಳ್ಳುತ್ತಾರೆ? ಬಂಡವಾಳ ಇಲ್ಲದೆ ಆರ್ಡರ್ ಕೈಗೆ ಬಂದರೆ ಕಂಪನಿ ಮುಳುಗುವ ಸಾಧ್ಯತೆಯೇ ಜಾಸ್ತಿ. ಎರಡೂ ಬೇಕು.

ತೆರಿಗೆದಾರ:

ಎಲ್ಲರೂ ಹೇಗೆ ಕೊಡಬೇಕು ಅಂತ ಮಾತಾಡುತ್ತಿದ್ದೀರಿ. ನಾನು ಅದಕ್ಕಿಂತ ಮೊದಲಿನ ಪ್ರಶ್ನೆ ಕೇಳುತ್ತೇನೆ. ಯಾಕೆ ಕೊಡಬೇಕು?

ನಮ್ಮೂರಿನ ಶಾಲೆಯ ಸೂರು ಮಳೆಗಾಲದಲ್ಲಿ ಸೋರುತ್ತದೆ. ಸರ್ಕಾರ ಈಗಾಗಲೇ ವರ್ಷಕ್ಕೆ 13 ಸಾವಿರ ಕೋಟಿಯ ಆಸುಪಾಸು ಬಾಹ್ಯಾಕಾಶ ಇಲಾಖೆಗೆ ಕೊಡುತ್ತಿದೆ. ಇಸ್ರೋ ಬಗ್ಗೆ ನನಗೆ ಹೆಮ್ಮೆ ಇದೆ, ಅದರ ಕೆಲಸ ಜನರಿಗೆ ತಲುಪುತ್ತದೆ. ಖಾಸಗಿ ಕಂಪನಿಯಲ್ಲಿ ನಷ್ಟವಾದರೆ ಜನರ ದುಡ್ಡು ಹೋಗುತ್ತದೆ. ಲಾಭ ಬಂದರೆ ಮಾಲೀಕರ ಜೇಬಿಗೆ. ಇದು ಹೇಗೆ ನ್ಯಾಯ? ಜಗಳಕ್ಕೆ ಕೇಳುತ್ತಿಲ್ಲ, ನಿಜವಾಗಿ ಉತ್ತರ ಬೇಕು.

ಸ್ಯಾನ್ ಹೋಸೆ ಕನ್ನಡಿಗ:

ತೆರಿಗೆದಾರರ ಪ್ರಶ್ನೆಗೆ ಅಮೆರಿಕದ ಒಂದು ನಿಜವಾದ ಪ್ರಕರಣ ಹೇಳುತ್ತೇನೆ. ಉದ್ದವಾಗುತ್ತದೆ, ಸಹಿಸಿಕೊಳ್ಳಿ.

2006ರಲ್ಲಿ ನಾಸಾ ಕಾಟ್ಸ್ ಅನ್ನುವ ಕಾರ್ಯಕ್ರಮ ಶುರು ಮಾಡಿತು. ಬಾಹ್ಯಾಕಾಶ ನಿಲ್ದಾಣಕ್ಕೆ ಸರಕು ಸಾಗಿಸುವ ಕೆಲಸವನ್ನು ಖಾಸಗಿಯವರಿಂದ ಮಾಡಿಸುವುದು ಅದರ ಗುರಿ. ಇಬ್ಬರನ್ನು ಆರಿಸಿದರು. ಸ್ಪೇಸ್‌ಎಕ್ಸ್‌ಗೆ 27.8 ಕೋಟಿ ಡಾಲರ್, ರಾಕೆಟ್‌ಪ್ಲೇನ್ ಕಿಸ್ಲರ್‌ಗೆ 20.7 ಕೋಟಿ ಡಾಲರ್. ಆದರೆ ದುಡ್ಡನ್ನು ಒಟ್ಟಿಗೆ ಕೈಗೆ ಕೊಡಲಿಲ್ಲ. ಮೈಲಿಗಲ್ಲುಗಳ ಪಟ್ಟಿ ಮಾಡಿದರು. ಡಿಸೈನ್ ಪರಿಶೀಲನೆ ಮುಗಿಸಿದರೆ ಇಷ್ಟು, ಎಂಜಿನ್ ಪರೀಕ್ಷೆ ಮುಗಿಸಿದರೆ ಇಷ್ಟು. ಮುಗಿಸದಿದ್ದರೆ ಒಂದು ಡಾಲರೂ ಇಲ್ಲ. ಹೊರಗಿನಿಂದ ಖಾಸಗಿ ಬಂಡವಾಳ ತರುವುದೂ ಒಂದು ಮೈಲಿಗಲ್ಲೇ.

ಕಿಸ್ಲರ್‌ನವರಿಗೆ ಆ ಬಂಡವಾಳ ತರಲು ಆಗಲಿಲ್ಲ. 2007ರಲ್ಲಿ ನಾಸಾ ಒಪ್ಪಂದವನ್ನೇ ನಿಲ್ಲಿಸಿತು. ಉಳಿದ ಹಣವನ್ನು ಮತ್ತೆ ಸ್ಪರ್ಧೆಗೆ ಇಟ್ಟು, 2008ರ ಶುರುವಿನಲ್ಲಿ ಆರ್ಬಿಟಲ್ ಸೈನ್ಸಸ್ ಅನ್ನು ಆರಿಸಿತು.

ಸ್ಪೇಸ್‌ಎಕ್ಸ್ ಕಥೆ ಎಲ್ಲರಿಗೂ ಗೊತ್ತು. ಫಾಲ್ಕನ್ 1 ಮೊದಲ ಮೂರು ಸಲ ಬಿತ್ತು. ನಾಲ್ಕನೆಯದು 2008ರ ಸೆಪ್ಟೆಂಬರ್ 28ರಂದು ಕಕ್ಷೆ ಸೇರಿತು. ಅದೇ ಡಿಸೆಂಬರ್‌ನಲ್ಲಿ ನಾಸಾ 12 ಸರಕು ಯಾನಗಳಿಗೆ 160 ಕೋಟಿ ಡಾಲರ್ ಆರ್ಡರ್ ಕೊಟ್ಟಿತು. ಕಂಪನಿ ಉಳಿದದ್ದು ಆ ಆರ್ಡರ್‌ನಿಂದ. ಇಲ್ಲಿ ಗಮನಿಸಿ, 2006ರಲ್ಲಿ ಅಭಿವೃದ್ಧಿಗೆ ಒಪ್ಪಿದ್ದ ಹಣಕ್ಕಿಂತ ಆರ್ಡರ್ ಐದು ಪಟ್ಟಿಗೂ ಹೆಚ್ಚು.

ನಷ್ಟ ಯಾರಿಗೆ ಅಂತ ಕೇಳಿದಿರಿ. ಕಿಸ್ಲರ್ ಪ್ರಕರಣದಲ್ಲಿ ಜನರ ದುಡ್ಡು ಸ್ವಲ್ಪ ಹೋಯಿತು, ನಿಜ. ಆದರೆ ಮುಗಿದ ಮೈಲಿಗಲ್ಲುಗಳಷ್ಟೇ. ಬಾಕಿ ಹಣ ಉಳಿಯಿತು. ನಿಲ್ಲಿಸುವ ಧೈರ್ಯ ಆ ಅಧಿಕಾರಿಗಳಿಗೆ ಇತ್ತು. ನನಗೆ ಆ ಇಡೀ ಕಾರ್ಯಕ್ರಮದಲ್ಲಿ ತುಂಬ ಮೆಚ್ಚುಗೆಯಾಗುವ ಭಾಗ ಅದೇ.

ತೆರಿಗೆದಾರ:

ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ಮೈಲಿಗಲ್ಲಿಗೆ ತಕ್ಕ ಹಣ ಅನ್ನುವುದು ನನಗೆ ಒಪ್ಪಿಗೆ. ಹಾಗಾದರೆ ನನ್ನ ಷರತ್ತು ಒಂದೇ. ಯಾರಿಗೆ ಎಷ್ಟು ಕೊಟ್ಟರು, ಯಾವ ಮೈಲಿಗಲ್ಲು ಮುಗಿಯಿತು, ಯಾವುದು ನಿಂತಿತು, ಎಲ್ಲ ಜನರ ಮುಂದೆ ಇರಲಿ. ಗೆದ್ದವರ ಫೋಟೋ ಮಾತ್ರ ಹಾಕಿದರೆ ಸಾಲದು.

ಬೆಳೆ ನೋಟ:

ನಾನು ರಾಯಚೂರು ಕಡೆಯವಳು. ಬೆಳೆ ವಿಮೆ, ಬೆಳೆ ಸಮೀಕ್ಷೆ ದತ್ತಾಂಶದ ಕೆಲಸ ಮಾಡುತ್ತೇನೆ. "ಜನರಿಗೆ ತಲುಪುತ್ತದಾ" ಅಂತ ಕೇಳಿದಿರಲ್ಲ ಸರ್, ಅದಕ್ಕೆ ನನ್ನ ಕಡೆಯ ಉತ್ತರ.

ವಿಮೆ ಪರಿಹಾರ ನಿಂತಿರುವುದು ಇಳುವರಿ ಲೆಕ್ಕದ ಮೇಲೆ. ಹಳೆಯ ಪದ್ಧತಿ ಅಂದರೆ ಬೆಳೆ ಕಟಾವು ಪ್ರಯೋಗ. ಒಂದು ಪಂಚಾಯಿತಿಯಲ್ಲಿ ಕೆಲವೇ ತುಂಡು ಜಮೀನು ಆರಿಸಿ, ಕೊಯ್ದು, ತೂಕ ಹಾಕುತ್ತಾರೆ. ಅದರ ಮೇಲೆ ಇಡೀ ಪಂಚಾಯಿತಿಯ ರೈತರ ಹಣೆಬರಹ ನಿಂತಿರುತ್ತದೆ. ತಡವಾಗುತ್ತದೆ, ತಕರಾರು ಬರುತ್ತದೆ. ಮೂಲೆ ಹೊಲದ ರೈತನ ಬೆಳೆ ಪೂರ್ತಿ ಹೋಗಿದ್ದರೂ ಲೆಕ್ಕದಲ್ಲಿ ಸರಿ ಇದೆ ಅಂತ ಬರುತ್ತದೆ. ಆ ರೈತ ನಮ್ಮ ಮುಂದೆ ನಿಂತಾಗ ಏನು ಹೇಳಬೇಕೋ ತಿಳಿಯುವುದಿಲ್ಲ.

2023ರಲ್ಲಿ ಕೇಂದ್ರ ಸರ್ಕಾರ ಯೆಸ್‌ಟೆಕ್ ಅನ್ನುವ ಪದ್ಧತಿ ತಂದಿತು. ಭತ್ತ, ಗೋಧಿಯ ಇಳುವರಿ ಅಂದಾಜಿನಲ್ಲಿ ಶೇ 30ರಷ್ಟು ಪಾಲನ್ನು ಉಪಗ್ರಹದಂಥ ತಂತ್ರಜ್ಞಾನದ ಲೆಕ್ಕಕ್ಕೆ ಕೊಡಬೇಕು ಅಂತ. ಇದೊಂದು ಸಾಲಿನ ನಿಯಮದಿಂದ ಉಪಗ್ರಹ ಚಿತ್ರಕ್ಕೆ ಗಿರಾಕಿ ಹುಟ್ಟಿದರು. ಯಾರಿಗೂ ಅನುದಾನ ಕೊಡಲಿಲ್ಲ. ನಿಯಮ ಬದಲಿಸಿದರು, ಅಷ್ಟೇ. ಹೆಸರಘಟ್ಟದವರು ಹೇಳುವುದು ಇದನ್ನೇ ಅಲ್ವಾ?

ಇನ್ನೂ ಒಂದು. ಉಪಗ್ರಹ ಚಿತ್ರಗಳ ಕೆಲಸಕ್ಕೆ ನಮ್ಮ ರಾಜ್ಯಕ್ಕೆ ದೂರಸಂವೇದಿ ಕೇಂದ್ರ ಇದೆ. ಕಂದಾಯ, ಕೃಷಿ, ನೀರಾವರಿ, ಅರಣ್ಯ, ಎಲ್ಲರಿಗೂ ಚಿತ್ರ ಬೇಕು. ಆದರೆ ಇಲಾಖೆಗಳು ಬೇರೆ ಬೇರೆಯಾಗಿ, ಚೂರುಚೂರಾಗಿ ಕೊಳ್ಳುತ್ತವೆ. ಎಲ್ಲ ಸೇರಿ ಮೂರು ವರ್ಷಕ್ಕೆ ಒಂದೇ ಒಪ್ಪಂದ ಮಾಡಿದರೆ ಬೆಲೆಯೂ ಇಳಿಯುತ್ತದೆ, ಕಂಪನಿಗೂ ಧೈರ್ಯ ಬರುತ್ತದೆ. 2024ರ ಬೆಂಗಳೂರು ಟೆಕ್ ಸಮಿಟ್‌ನಲ್ಲಿ ರಾಜ್ಯದ ಬಾಹ್ಯಾಕಾಶ ನೀತಿಯ ಕರಡು ಹೊರಬಂದಾಗ ಹುಡುಕಿಕೊಂಡು ಓದಿದೆ. 50 ಸಾವಿರ ಯುವಕ ಯುವತಿಯರಿಗೆ ತರಬೇತಿ, 500 ಕಂಪನಿಗಳಿಗೆ ನೆರವು, ದೇಶದ ಮಾರುಕಟ್ಟೆಯಲ್ಲಿ ಅರ್ಧ ಪಾಲಿನ ಗುರಿ. ಓದಿ ಖುಷಿಯಾಯಿತು. ಆದರೆ ನಾನು ನೋಡಬೇಕು ಅಂದುಕೊಂಡಿದ್ದು ಈ ಒಟ್ಟು ಖರೀದಿಯನ್ನ.

ಹೆಸರಘಟ್ಟ ರಸ್ತೆ:

ಮೇಡಂ, ನೂರಕ್ಕೆ ನೂರು ಇದನ್ನೇ. ನೀವು ಕೊಟ್ಟ ಉದಾಹರಣೆ ನನ್ನ ಮೂಲ ಬರಹದಲ್ಲೇ ಇರಬೇಕಿತ್ತು ಅನಿಸುವಷ್ಟು ಚೆನ್ನಾಗಿದೆ.

ಪೈಸಾ ಲೆಕ್ಕದವರು ಎರಡೂ ಬೇಕು ಅಂದರು. ಒಪ್ಪುತ್ತೇನೆ. ಆದರೆ ಯಾವುದು ಮೊದಲು ಅನ್ನುವುದು ಮುಖ್ಯ. 2025ರ ಆಗಸ್ಟ್‌ನಲ್ಲಿ ನಡೆದದ್ದು ನೋಡಿ. ಭೂವೀಕ್ಷಣೆಗೆ 12 ಉಪಗ್ರಹಗಳ ಸಮೂಹ ಕಟ್ಟುವ ಯೋಜನೆಗೆ ಇನ್‌ಸ್ಪೇಸ್ ಒಂದು ಗುಂಪನ್ನು ಆರಿಸಿತು. ಬೆಂಗಳೂರಿನ ಪಿಕ್ಸೆಲ್ ಮುಂದಾಳು, ಜೊತೆಗೆ ಸ್ಯಾಟ್‌ಶೂರ್, ಪಿಯರ್‌ಸೈಟ್, ಧ್ರುವ ಸ್ಪೇಸ್. ಐದು ವರ್ಷದಲ್ಲಿ 1,200 ಕೋಟಿಗೂ ಹೆಚ್ಚು ಹೂಡುವವರು ಅವರೇ. ಸರ್ಕಾರ ಕೊಡಲು ಸಿದ್ಧವಿದ್ದ ಆರ್ಥಿಕ ನೆರವನ್ನೂ ಕೇಳದೆ ಶೂನ್ಯ ಬಿಡ್ ಹಾಕಿ ಗೆದ್ದರು. ಕಂಪನಿಗಳು ನೆರವನ್ನೇ ಬೇಡ ಅನ್ನುವುದು ಯಾವಾಗ? ಮುಂದೆ ಈ ಚಿತ್ರಗಳನ್ನು ಸರ್ಕಾರ, ಬೇರೆಯವರು ಕೊಳ್ಳುತ್ತಾರೆ ಎಂಬ ನಂಬಿಕೆ ಇದ್ದಾಗ. ಆ ನಂಬಿಕೆಯನ್ನು ಉಳಿಸುವುದು ಈಗ ಸರ್ಕಾರದ ಕೈಯಲ್ಲಿದೆ. ಉಪಗ್ರಹಗಳು ಮೇಲೆ ಹೋದ ಮೇಲೆ ಇಲಾಖೆಗಳು ಚಿತ್ರ ಕೊಳ್ಳದಿದ್ದರೆ, ಮುಂದಿನ ಸಲ ಯಾರೂ ಶೂನ್ಯ ಬಿಡ್ ಹಾಕುವುದಿಲ್ಲ.

ರಕ್ಷಣಾ ಇಲಾಖೆ ಇದರಲ್ಲಿ ಸ್ವಲ್ಪ ಮುಂದಿದೆ. ಸ್ಟಾರ್ಟಪ್‌ಗಳಿಂದ ಹೊಸ ತಂತ್ರಜ್ಞಾನ ಮಾಡಿಸುವ ಐಡೆಕ್ಸ್ ಕಾರ್ಯಕ್ರಮ 2018ರಿಂದ ನಡೆಯುತ್ತಿದೆ. ಸೈನ್ಯಕ್ಕೆ ಏನು ಬೇಕು ಅಂತ ಮೊದಲೇ ಹೇಳುತ್ತಾರೆ, ಮಾಡಿ ತೋರಿಸಿದವರಿಂದ ಖರೀದಿಗೆ ದಾರಿ ಇದೆ. 2024ರ ಅಕ್ಟೋಬರ್‌ನಲ್ಲಿ 52 ಕಣ್ಗಾವಲು ಉಪಗ್ರಹಗಳಿಗೆ ಒಪ್ಪಿಗೆ ಸಿಕ್ಕಿತಲ್ಲ, ಅದರಲ್ಲಿ 31 ಖಾಸಗಿಯವರ ಪಾಲು. ಇಷ್ಟು ದೊಡ್ಡ ಬೇಡಿಕೆ ಕಣ್ಣಿಗೆ ಕಂಡರೆ ಬಂಡವಾಳ ತಾನಾಗಿ ಹುಡುಕಿಕೊಂಡು ಬರುತ್ತದೆ.

ಪೈಸಾ ಲೆಕ್ಕ:

ಅದು ಸರಿ. ಆದರೆ ಟೆಂಡರ್ ನಿಯಮ ಬದಲಾಗದೆ ಏನೂ ಆಗದು. ಎಲ್ ಒನ್, ಅಂದರೆ ಕಡಿಮೆ ಬೆಲೆ ಹಾಕಿದವರಿಗೆ ಕೆಲಸ. ಹೊಸ ತಂತ್ರಜ್ಞಾನದಲ್ಲಿ ಕಡಿಮೆ ಬೆಲೆ ಅನ್ನುವ ಅಳತೆಗೆ ಅರ್ಥವೇ ಇಲ್ಲ. ಸ್ಟಾರ್ಟಪ್‌ಗಳಿಗೆ ಹಿಂದಿನ ಅನುಭವ, ವಹಿವಾಟಿನ ಷರತ್ತಿನಿಂದ ರಿಯಾಯಿತಿ ಇದೆ ಅಂತ ಕಾಗದದ ಮೇಲೆ ಇದೆ. ಆದರೂ ಟೆಂಡರ್ ಬರೆಯುವ ಅಧಿಕಾರಿ ಒಳಗೆ ಎಲ್ಲೋ "ಇಂಥದ್ದೇ ಉಪಗ್ರಹ ಮೂರು ಹಾರಿಸಿರಬೇಕು" ಅಂತ ಒಂದು ಸಾಲು ಸೇರಿಸಿದರೆ ಮುಗಿಯಿತು. ಅಧಿಕಾರಿಯನ್ನೂ ದೂರುವಂತಿಲ್ಲ. ನಾಳೆ ಆಡಿಟ್‌ನವರು ಬಂದು ಹೊಸಬರಿಗೆ ಯಾಕೆ ಕೊಟ್ಟೆ ಅಂತ ಕೇಳಿದರೆ ಅವರ ಬೆನ್ನಿಗೆ ಯಾರೂ ನಿಲ್ಲುವುದಿಲ್ಲ.

ಲೇತ್ ಮಾಸ್ಟರ್:

ಈ ಮಾತು ನಿಜ. ಇದರ ಜೊತೆ ಪೇಮೆಂಟ್ ವಿಷಯವನ್ನೂ ಸೇರಿಸಿ. ಸಣ್ಣ ಉದ್ದಿಮೆಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಕಾನೂನೇ ಇದೆ. ಆದರೆ ಆ 45 ದಿನ ಯಾವತ್ತಿಂದ? ಮಾಲು ಒಪ್ಪಿಕೊಂಡ ದಿನದಿಂದ. 15 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಬರದಿದ್ದರೆ ಒಪ್ಪಿದ ಹಾಗೇ ಅಂತಲೂ ಕಾನೂನಿನಲ್ಲಿದೆ, ಆದರೆ ನಡೆಯುವುದು ಬೇರೆ. ಇನ್‌ಸ್ಪೆಕ್ಷನ್ ಆಗದೆ ಮಾಲು ಅವರ ಸ್ಟೋರ್‌ನಲ್ಲೇ ಕೂತರೆ ನಾವು ಯಾರನ್ನು ಕೇಳುವುದು? ಒಮ್ಮೆ ಒಂದು ದೊಡ್ಡ ಸಂಸ್ಥೆಯಲ್ಲಿ ನಮ್ಮ ಬ್ಯಾಚ್ ಹೀಗೇ ಕೂತು, ಹುಡುಗರಿಗೆ ದಸರಾ ಬೋನಸ್ ಕೊಡಲು ಸಾಲ ಮಾಡಿದೆ. ತಂತ್ರಜ್ಞಾನ ನಿಧಿಗಿಂತ ಮೊದಲು ಮೂರನೆಯವರ ಇನ್‌ಸ್ಪೆಕ್ಷನ್‌ಗೆ ಒಂದು ಗಡುವು ಹಾಕಿಸಿ. ಒಂದು ಪೈಸೆ ಖರ್ಚಿಲ್ಲದ ಸುಧಾರಣೆ ಅದು.

ಹಾಗೇ ಸಣ್ಣ ಉಪಗ್ರಹ ಒಯ್ಯುವ ಎಸ್‌ಎಸ್‌ಎಲ್‌ವಿ ರಾಕೆಟ್ ತಂತ್ರಜ್ಞಾನದ ಬಿಡ್ ಅನ್ನು ಎಚ್‌ಎಎಲ್ 511 ಕೋಟಿಗೆ ಗೆದ್ದಿತಲ್ಲ, 2025ರ ಜೂನ್‌ನಲ್ಲಿ. ನಮ್ಮಂಥವರಿಗೆ ಅದು ದೊಡ್ಡ ಆಸೆ. ವರ್ಷಕ್ಕೆ ಇಷ್ಟು ರಾಕೆಟ್ ಅಂತ ಖಚಿತವಾದರೆ ಹೊಸ ಫೈವ್ ಆಕ್ಸಿಸ್ ಮಷಿನ್ ಹಾಕಲು ಧೈರ್ಯ ಬರುತ್ತದೆ.

ಮಲೆನಾಡ ಹುಡುಗಿ:

ಎಲ್ಲರೂ ಆರ್ಡರ್ ಬಗ್ಗೆ ಹೇಳುತ್ತಿದ್ದೀರಿ. ನಮ್ಮಂಥವರು ಆರ್ಡರ್ ತನಕ ಹೋಗುವುದೇ ಹೇಗೆ? ಹಾರಿಸಿದ ಅನುಭವ ಇಲ್ಲದೆ ಯಾರೂ ಕೊಳ್ಳಲ್ಲ, ಯಾರೂ ಕೊಳ್ಳದೆ ಹಾರಿಸಲು ಆಗಲ್ಲ.

ಹೆಸರಘಟ್ಟ ರಸ್ತೆ:

ಇದಕ್ಕೆ ನಮ್ಮ ದೇಶದಲ್ಲಿ ಒಂದು ಬಹಳ ಒಳ್ಳೆಯ ವ್ಯವಸ್ಥೆ ಇದೆ. ಪೋಯೆಮ್. ಪಿಎಸ್‌ಎಲ್‌ವಿಯ ನಾಲ್ಕನೇ ಹಂತ ಉಪಗ್ರಹವನ್ನು ಬಿಟ್ಟ ಮೇಲೆ ಮೊದಲು ಸುಮ್ನೆ ಕಸವಾಗಿ ಸುತ್ತುತ್ತಿತ್ತು. ಈಗ ಅದಕ್ಕೆ ಸೌರಫಲಕ, ದಿಕ್ಕು ಹಿಡಿದಿಡುವ ವ್ಯವಸ್ಥೆ ಹಾಕಿ, ಮೇಲೆ ಪ್ರಯೋಗಗಳನ್ನು ಕೂರಿಸುತ್ತಾರೆ. ನೀವು ಇಡೀ ಉಪಗ್ರಹ ಮಾಡಬೇಕಿಲ್ಲ. ನಿಮ್ಮ ಉಪಕರಣ ಮಾತ್ರ ಮಾಡಿದರೆ ಸಾಕು. ವಿದ್ಯುತ್ತು, ಸಂಪರ್ಕ ಅವರದು.

ಬೆಂಗಳೂರಿನ ದಿಗಂತರ ಕಂಪನಿ 2022ರ ಜೂನ್‌ನಲ್ಲಿ ಪೋಯೆಮ್‌ನ ಮೊದಲ ಯಾನದಲ್ಲೇ ತನ್ನ ಉಪಕರಣ ಕಳಿಸಿತು. ಬೆಲ್ಲಾಟ್ರಿಕ್ಸ್ ಕಂಪನಿ ತನ್ನ ಥ್ರಸ್ಟರ್‌ಗಳನ್ನು, ಅಂದರೆ ಉಪಗ್ರಹವನ್ನು ತಳ್ಳುವ ಪುಟ್ಟ ಎಂಜಿನ್‌ಗಳನ್ನು, 2024ರ ಜನವರಿ 1ರ ಉಡಾವಣೆಯಲ್ಲಿ ಪರೀಕ್ಷಿಸಿತು. 2024ರ ಡಿಸೆಂಬರ್ 30ರಂದು ಹೋದ ನಾಲ್ಕನೇ ಪೋಯೆಮ್‌ನಲ್ಲಿ 24 ಉಪಕರಣಗಳಿದ್ದವು, ಹತ್ತು ಇಸ್ರೋದ ಹೊರಗಿನವರದು. ಆ ಹತ್ತರಲ್ಲಿ ನಮ್ಮ ಆರ್.ವಿ. ಕಾಲೇಜು ಮತ್ತು ಚಿಕ್ಕಬಳ್ಳಾಪುರದ ಎಸ್‌ಜೆಸಿ ಕಾಲೇಜಿನ ಮಕ್ಕಳು ಮಾಡಿದ್ದೂ ಇದ್ದವು. ಚಿಕ್ಕಬಳ್ಳಾಪುರದಿಂದ ಆಗಿದೆ ಅಂದರೆ ನಿಮ್ಮೂರಿಂದ ಯಾಕಾಗಬಾರದು?

ಒಂದೇ ಕೊರತೆ. ಪಿಎಸ್‌ಎಲ್‌ವಿ ಹಾರಿದಾಗ ಮಾತ್ರ ಪೋಯೆಮ್ ಸಿಗುತ್ತದೆ. 2025ರ ಮೇನಲ್ಲಿ ಸಿ61 ಯಾನ ಮೂರನೇ ಹಂತದ ತೊಂದರೆಯಿಂದ ವಿಫಲವಾಯಿತು. ಆಮೇಲೆ ಸರದಿಯಲ್ಲಿದ್ದವರೆಲ್ಲ ಕಾಯಬೇಕಾಯಿತು. ಸಣ್ಣ ಕಂಪನಿಗೆ ಕಾಯುವುದು ಅಂದರೆ ಸಂಬಳದ ದುಡ್ಡು ಕರಗುವುದು. ಇಲ್ಲಿ ಸರ್ಕಾರ ಒಂದು ಕೆಲಸ ಮಾಡಬಹುದು. ಯಾನ ಮುಂದೆ ಹೋದರೆ ಸೀಡ್ ಫಂಡ್ ಪಡೆದವರ ಗಡುವನ್ನೂ ತಾನಾಗಿ ಮುಂದಕ್ಕೆ ಹಾಕಬೇಕು, ಜೊತೆಗೆ ಸೇತುವೆಯಂತೆ ಒಂದಿಷ್ಟು ಹಣ ಕೊಡಬೇಕು.

ತೆರಿಗೆದಾರ:

ಮೇಡಂ ಹೇಳಿದ ರಾಯಚೂರಿನ ರೈತನ ವಿಷಯ ಮನಸ್ಸಿಗೆ ತಟ್ಟಿತು. ಪರಿಹಾರ ಬೇಗ, ಸರಿಯಾಗಿ ಸಿಗುವುದಾದರೆ ನನ್ನ ತೆರಿಗೆಯಿಂದ ಆ ಚಿತ್ರ ಕೊಳ್ಳಲಿ, ನನ್ನ ತಕರಾರಿಲ್ಲ. ಕಂಪನಿಗೆ ದುಡ್ಡು ಕೊಟ್ಟೆವು ಅನ್ನುವುದಕ್ಕಿಂತ ಕಂಪನಿಯಿಂದ ಕೆಲಸ ಮಾಡಿಸಿಕೊಂಡೆವು ಅಂದರೆ ನನಗೂ ಅರ್ಥವಾಗುತ್ತದೆ.

ಬೆಳೆ ನೋಟ:

ಸರ್, ಒಂದು ಕೋರಿಕೆ. ರಾಜ್ಯದ ಇಲಾಖೆಗಳ ಒಟ್ಟು ಖರೀದಿ ಬಗ್ಗೆ ನಾವೆಲ್ಲ ಸೇರಿ ಒಂದು ಮನವಿ ಬರೆಯೋಣವಾ? ಯಾವ ಇಲಾಖೆಗೆ ಯಾವ ಹಂಗಾಮಿನಲ್ಲಿ ಎಷ್ಟು ಸಲ ಚಿತ್ರ ಬೇಕಾಗುತ್ತದೆ ಅನ್ನುವ ಪಟ್ಟಿ ಮಾಡಿಕೊಡುತ್ತೇನೆ. ಮುಂಗಾರಿನಲ್ಲಿ ಮೋಡ ಇರುವುದರಿಂದ ರೇಡಾರ್ ಚಿತ್ರ ಬೇಕು, ಅದನ್ನೂ ಸೇರಿಸುತ್ತೇನೆ.

ಹೆಸರಘಟ್ಟ ರಸ್ತೆ:

ಖಂಡಿತ ಮೇಡಂ. ಪೈಸಾ ಲೆಕ್ಕದವರು ಟೆಂಡರ್ ಷರತ್ತಿನ ಭಾಗ ಬರೆಯಲಿ. ಮೈಲಿಗಲ್ಲಿಗೆ ತಕ್ಕ ಹಣ, ಲೆಕ್ಕ ಬಹಿರಂಗ ಅನ್ನುವ ಭಾಗ ತೆರಿಗೆದಾರರು ನೋಡಿಕೊಳ್ಳಲಿ. ಮಾಸ್ಟರ್ ಅವರೇ, ಇನ್‌ಸ್ಪೆಕ್ಷನ್ ಗಡುವು ಎಷ್ಟು ದಿನ ಇದ್ದರೆ ನ್ಯಾಯ ಅನ್ನುವುದನ್ನು ನೀವೇ ಹೇಳಿ, ಹಾಗೇ ಹಾಕುತ್ತೇನೆ.

ಲೇತ್ ಮಾಸ್ಟರ್:

ಕಾನೂನಿನಲ್ಲಿರುವ ಹದಿನೈದು ದಿನವೇ. ಅಷ್ಟರಲ್ಲಿ ನೋಡದಿದ್ದರೆ ಮಾಲು ಒಪ್ಪಿದ ಹಾಗೇ ಅಂತ ಬರೆಯಿರಿ.